ಕಾರವಾರದ ದಂಡೆಯಲ್ಲಿ ಜೋಳಿಗೆ ಕಟ್ಟಿದ್ದು

ಕಾರವಾರಕ್ಕೆ ಹೋಗಿ ಬಂದ ನಮ್ಮ ಕೊಪ್ಪಳದವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಸಮುದ್ರ ಎಂದೂ ತನ್ನ ಎಲ್ಲೆ ದಾಟೂದಿಲ್ಲರಿ.’ ಅದಕ್ಕೆ ಸಾಕ್ಷಿ ಏನು ಎಂದು ಕೇಳಿದರೆ ಹಿರಿಯರು ಹೇಳ್ಯಾರ ಎನ್ನುತ್ತಾರೆ. ಆ ಹಿರಿಯರು ಸಮುದ್ರ ಕಂಡಿದ್ದರೇ ಎಂದರೆ ಎದ್ದು ಹೋಗುತ್ತಾರೆ. ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಇಂಥ ವಾದ ಮಂಡಿಸಿದವನನ್ನು ನಡುವೆಯೇ ಕೂಡಿಸಿಬಿಡುತ್ತಿದ್ದರು. ಈಗ ನಾನೂ ಹೋಗಿ ನೋಡಿ ಬಂದಿದ್ದೇನೆ. ಆ ಎಲ್ಲೆ ದಿನಕ್ಕೆ ಎರಡು ಸಲ ಜಾಗ ಬದಲಿಸುತ್ತದೆ. ಅದನ್ನು ನಾವು ತಿಳಿದದ್ದು ಹೀಗೆ.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾತಾಳದ, ಅಂದರೆ ಕ್ರಿಸ್‌ಮಸ್ಸಿನ, ರಜೆಗೆ ನಾನು ಧಾರವಾಡದಿಂದ ಊರಿಗೆ ಬಂದಿದ್ದೆ. ದೊಡ್ಡಪ್ಪನ ಮಗ ಬಸವಣ್ಣನಿಗೆ ಅರಿವೆ ಅಂಗಡಿ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಕಾರವಾರದಲ್ಲಿ ತಮ್ಮ ಬೀಗರ ಮನೆ ಖಾಲಿ ಇದೆ, ನಾತಾಳದ ಹೊತ್ತಿಗೆ ದಂಡೆಯ ಮೇಲೆ ದೋಣಿ ಸ್ಪರ್ಧೆ, ಬ್ಯಾಂಡು, ಎಲ್ಲ ಇರುತ್ತದೆ, ಹೋಗಿ ಬನ್ನಿ ಎಂದಿದ್ದರಂತೆ. ಅಣ್ಣ, ಅವನ ಹೆಂಡತಿ ಶಾಂತತ್ತಿಗೆ, ದೊಡ್ಡವ್ವ, ನಾನು ಹೊರಟೆವು. ಅತ್ತಿಗೆಯ ಮಡಿಲಲ್ಲಿ ಆಗ ತಾನೇ ಕೂಡ್ರಲು ಕಲಿತಿದ್ದ ಗೌರಿ. ದಸರೆಯಿಂದ ಕೂಸಿಗೆ ಕೆಮ್ಮು ಬಿಟ್ಟಿರಲಿಲ್ಲ. ಉಪ್ಪುಗಾಳಿ ತಾಕಿದರೆ ಹೋದೀತೆಂಬುದೇ ದೊಡ್ಡವ್ವನ ಆಸೆ.

ಬೆಳಗಿನ ಗಾಡಿ, ಮೂರನೆಯ ದರ್ಜೆ. ನಿಜಾಮರ ಸೀಮೆ ದಾಟುವಲ್ಲಿ ಕರೋಡಗಿರಿಯ, ಎಂದರೆ ಸುಂಕದ ಕಟ್ಟೆಯ, ಜವಾನ ಗಂಟು ಬಿಚ್ಚಿಸಿದ.

‘ಇದೇನ್ರವ್ವಾ, ಇಷ್ಟು?’

‘ಕಟಕ ರೊಟ್ಟಿರಿ. ಸಮುದ್ರದ ಕಡೆ ಜ್ವಾಳ ಬೆಳಿಯೂದಿಲ್ಲಂತ,’ ಎಂದಳು ದೊಡ್ಡವ್ವ.

‘ಹಂಗಾರ ಅವರಿಗೂ ನಾಕು ಕೊಟ್ಟು ಬರ್ರಿ,’ ಎಂದು ಅವನು ತನಗೆರಡು ಎತ್ತಿಕೊಂಡು ಇಳಿದ.

ಹುಬ್ಬಳ್ಳಿಯಲ್ಲಿ ನಿಜಾಮರ ಹಾಲಿ ರೂಪಾಯಿಗಳನ್ನು ಇಂಗ್ರೇಜಿ ಕಲ್ದಾರಕ್ಕೆ ಬದಲಿಸಿ ಛತ್ರದಲ್ಲಿ ತಂಗಿದೆವು. ಮರುದಿನ ಮೋಟಾರು. ಯಲ್ಲಾಪುರದ ತನಕ ಚಳಿಗೆ ಎಲ್ಲರೂ ಕಂಬಳಿ ಹೊದ್ದಿದ್ದೆವು. ಅರಬೈಲು ಘಟ್ಟದ ತಿರುವುಗಳಲ್ಲಿ ಅಣ್ಣ ವಾಂತಿ ಮಾಡಿಕೊಂಡ. ಘಟ್ಟ ಇಳಿದದ್ದೇ ತಡ, ಕಂಬಳಿ ಹೋಯಿತು, ಕೋಟು ಹೋಯಿತು, ಅಂಗಿಯ ಗುಂಡಿಯೂ ಬಿಚ್ಚಿತು. ಪುಷ್ಯಮಾಸದಲ್ಲಿ ಬೆವರು ಸುರಿಯುವ ಸೀಮೆಯನ್ನು ನಾನು ಮೊದಲ ಸಲ ಕಂಡೆ.

‘ಇಲ್ಲಿ ಗಾಳಿಗೂ ಮೀನಿನ ವಾಸನಿ,’ ಎಂದು ಅಣ್ಣ ಮೂಗು ಮುಚ್ಚಿದ.

‘ಮೂಗು ಮುಚ್ಚಿದ್ರ ಗಾಳಿ ಎಲ್ಲಿಂದ ತಗೋತಿ? ಗಾಳಿಗೇ ಅಲ್ಲೇನು ನಾವು ಬಂದದ್ದು?’ ಎಂದೆ.

‘ನೋಡವ್ವಾ, ವಕೀಲರು ಶುರು ಮಾಡಿದ್ರು.’

ಕಾರವಾರದಲ್ಲಿ ಕಿರಿಸ್ತಾನರ ಮನೆಗಳ ಮುಂದೆ ಬಿದಿರು ಕಡ್ಡಿಯ ನಕ್ಷತ್ರಗಳು ತೂಗುತ್ತಿದ್ದವು. ಮುಂಬಯಿಯ ಆಗಬೋಟಿ ಹಡಗಿನಿಂದ ಇಳಿದ ರಜೆಯ ಜನ ದಂಡೆಯ ತುಂಬ. ಅನ್ನ, ತೆಂಗಿನಕಾಯಿಯ ಸಾರು ಉಂಡು ಮರುದಿನ ಮುಂಜಾನೆ ನಾವೂ ಇಳಿದೆವು. ಸಮುದ್ರ ಬಹಳ ದೂರಕ್ಕೆ ಸರಿದಿತ್ತು. ನಮ್ಮ ಮುಂದೆ ಒಣ ಉಸುಕಿನ ದೊಡ್ಡ ಬಯಲು, ಅದರ ಮೇಲೆ ಒರಗಿ ನಿಂತ ಒಂದು ದೋಣಿ. ಆ ಕಡೆಯ ದೋಣಿಗಳ ಪಕ್ಕಕ್ಕೆ ಎರಡು ಬಾಗಿದ ತೊಲೆ ಚಾಚಿ, ಅವುಗಳ ತುದಿಗೆ ಒಂದು ದಿಮ್ಮಿ ಕಟ್ಟಿರುತ್ತಾರೆ, ಮಗುಚಬಾರದೆಂದು.

ದೊಡ್ಡವ್ವ ತೊಲೆಗಳನ್ನು ತಟ್ಟಿ ನೋಡಿದಳು. ‘ಥೇಟ್ ನಮ್ಮ ಚಕ್ಕಡಿ ಆದಂಗ ಆತು. ನೆಳ್ಳೂ ಐತಿ.’

ನಮ್ಮ ಕಡೆ ಕೂಸಿದ್ದ ಹೆಂಗಸರು ಹೊಲಕ್ಕೆ ಹೋದರೆ ಎತ್ತಿನ ಚಕ್ಕಡಿಯ ಅಡಿಗೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿ, ಕಣ್ಣಳತೆಯಲ್ಲೇ ಕಳೆ ಕೀಳುತ್ತಾರೆ. ನಾವೆಲ್ಲ ಹಾಗೆ ಬೆಳೆದವರು. ಹೊಸ ಜಾಗದಲ್ಲಿ ಜೋಳಿಗೆ ಕಟ್ಟುವ ಮುಂಚೆ ಆ ಮರಕ್ಕೆ ಪೂಜೆ ಮಾಡುವುದು ದೊಡ್ಡವ್ವನ ರೂಢಿ. ತೊಲೆಗೆ ಅರಿಶಿನ ಕುಂಕುಮ ಹಚ್ಚಿದಳು, ಕಾಯಿ ಒಡೆದಳು, ‘ಗಂಗವ್ವಾ, ಕೂಸಿನ ಕೆಮ್ಮು ತಗೊಂಡು ಹೋಗು’ ಎಂದು ನೀರಿನ ಕಡೆ ಕೈ ಮುಗಿದಳು. ಅತ್ತಿಗೆ ಜೋಳಿಗೆ ಕಟ್ಟಿದಳು, ಗೌರಿ ಮಲಗಿತು. ತುಸು ಮೇಲಕ್ಕೆ, ತೆಂಗಿನ ಮರದ ಬುಡದಲ್ಲಿ, ಒಬ್ಬ ಮುದುಕ ಬಲೆ ಹೆಣೆಯುತ್ತ ನಮ್ಮನ್ನೇ ನೋಡುತ್ತಿದ್ದ.

ಸ್ಪರ್ಧೆ ನಡೆದದ್ದು ದಂಡೆಯ ಇನ್ನೊಂದು ಬದಿಗೆ. ‘ಜೋಳಿಗಿ ಕಣ್ಣ ಮುಂದ ಐತಿ, ಬರ್ರಿ,’ ಎಂದ ಅಣ್ಣ. ಮೊದಲು ಅತ್ತಿಗೆ ಹೆಜ್ಜೆಗೊಮ್ಮೆ ತಿರುಗುತ್ತಿದ್ದಳು. ಬ್ಯಾಂಡು ಶುರುವಾಯಿತು, ಜನ ನಡುವೆ ತುಂಬಿಕೊಂಡರು, ದೋಣಿಗಳು ಹೊರಟವು. ಗೆದ್ದವರನ್ನು ಹೆಗಲ ಮೇಲೆ ಹೊತ್ತು ಕುಣಿಯುವಾಗ ಅತ್ತಿಗೆ ನನ್ನ ತೋಳು ಹಿಡಿದಳು.

‘ತಮ್ಮಾ, ನಾವು ನಿಂತ ಉಸುಕು ಎಲ್ಲೈತಿ?’

ಉಸುಕು ಇರಲಿಲ್ಲ. ಬಯಲಿದ್ದಲ್ಲಿ ನೀರಿತ್ತು. ನಮ್ಮ ಹೊಳೆ ಇಳಿದರೆ ಇಳಿದೇ ಇರುತ್ತದೆ, ಏರಿದರೆ ಮಳೆಗೇ ಏರುತ್ತದೆ. ಮೋಡವಿಲ್ಲದ ಹಗಲಿನಲ್ಲಿ ನೀರು ತಾನಾಗಿ ಎದ್ದು ಬರುವುದನ್ನು ನಾವು ನಾಲ್ವರಲ್ಲಿ ಯಾರೂ ಕಂಡಿರಲಿಲ್ಲ. ಓಡಿದೆವು. ದೋಣಿಯ ಸುತ್ತ ಮೊಣಕಾಲುದ್ದದ ನೀರು. ತೊಲೆಯ ಕೆಳಗೆ ಜೋಳಿಗೆ ತೆರೆಗೆ ತಾಕಿ ತೂಗುತ್ತಿತ್ತು. ನಾವು ಇನ್ನೂ ಕೂಗಿನ ಅಳತೆಗೂ ಬಂದಿರಲಿಲ್ಲ, ಆಗ ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಎಸೆದು ನೀರಿಗೆ ನುಗ್ಗಿ ಕೂಸನ್ನು ಎತ್ತಿಕೊಂಡಳು.

ಗೌರಿ ಅಳುತ್ತಿರಲಿಲ್ಲ. ಬೆನ್ನೆಲ್ಲ ತೊಯ್ದು, ಯಾರೋ ತೂಗುತ್ತಿದ್ದಾರೆಂದು ಬಾಯಿ ಬಿಟ್ಟು ನಗುತ್ತಿತ್ತು. ಅತ್ತಿಗೆ ನೀರಿನಲ್ಲೇ ಎರಡೂ ಕೈ ಚಾಚಿದಳು.

‘ನಿಮ್ಮೂರಲ್ಲಿ ನೀರು ಮೇಲೆ ಬರೂದಿಲ್ಲನ?’ ಎಂದು ಆ ಹೆಂಗಸು ನಮ್ಮನ್ನು ಬೈದು, ಕೂಸನ್ನು ಕೊಟ್ಟು, ಚೆಲ್ಲಿದ ಮೀನು ಆರಿಸಲು ಹೋದಳು.

ನಾನು ನೇರ ಮುದುಕನ ಹತ್ತಿರ ಹೋದೆ. ಅವನು ಎದ್ದಿರಲಿಲ್ಲ, ಬಲೆ ಅವನ ಮೊಣಕಾಲಿನ ಮೇಲೇ ಇತ್ತು.

‘ನೀರು ಏರೂದು ನಿಮಗ ಗೊತ್ತಿತ್ತು. ಕೂಸು ಇದ್ದದ್ದೂ ಗೊತ್ತಿತ್ತು. ಮತ್ತ ಯಾಕ ಕುಂತಿರಿ?’

‘ಕುಂಕುಮ ಹಚ್ಚಿದ್ರು. ಕಾಯಿ ಒಡೆದ್ರು. ಸಮುದ್ರಕ್ಕೆ ಕೈ ಮುಗಿದು ಕೂಸನ್ನ ಕಟ್ಟಿ ಹೋದ್ರು,’ ಎಂದ. ‘ನಾನು ಹರಕೆ ಅಂದ್ಕಂಡೆ.’

‘ಕೂಸನ್ನ ಹರಕಿ ಕೊಡ್ತಾರೇನ್ರಿ ಯಾರರ?’

‘ನೀವು ಕೊಡೂದಿಲ್ವ? ಪ್ರಾಯದಲ್ಲಿ ಹತ್ತಿ ಮೂಟೆ ಹೊರೂಕೆ ನಿಮ್ಮ ಸೀಮೆಗೆ ಬಂದಿದ್ದೆ. ಹುಡುಗಿ ಒಂದನ್ನ ದೇವಿಗೆ ಬಿಡೂಕೆ ಬಾಜಾ ಬಾರಿಸ್ಕಂಡು ಕರ್ಕಂಡು ಹೊಂಟಿದ್ರು. ಅದು ಅಳ್ತಿತ್ತು. ನಾನು ಅಡ್ಡ ಹೋದೆ. ಬ್ಯಾರೆಯವ್ರ ಹರಕೆಗೆ ಕೈ ಹಾಕಬಾರ್ದು ಅಂತ ನಿಮ್ಮವ್ರೇ ಹೊಡೆದು ದೂಡಿದ್ರು.’

ಒಬ್ಬ ಮನುಷ್ಯ, ಮುಳುಗುವ ಕೂಸನ್ನು ಕಣ್ಣಾರೆ ನೋಡುತ್ತ, ನಮ್ಮ ಸೀಮೆಯವರು ಕಲಿಸಿದ ಮರ್ಯಾದೆಗಾಗಿ ಸುಮ್ಮನೆ ಕೂತಿದ್ದ.

ರಜೆ ಅಲ್ಲಿಗೇ ಮುಗಿಯಿತು. ಮರುದಿನದ ಮೋಟಾರಿಗೆ ಹೊರಟೆವು. ಅತ್ತಿಗೆ ಹುಬ್ಬಳ್ಳಿಯ ತನಕ ಕೂಸನ್ನು ಯಾರ ಕೈಗೂ ಕೊಡಲಿಲ್ಲ. ಅವನ ಮಾತು ನನ್ನಿಂದ ಕೇಳಿದ ದೊಡ್ಡವ್ವ ಮಾತ್ರ ದಾರಿಯುದ್ದಕ್ಕೂ ಮುದುಕನನ್ನು ಶಪಿಸುತ್ತಿದ್ದಳು.

‘ಕಟುಕ. ಕಣ್ಣಿಲ್ಲೇನು ಅವಗ? ಎಂಥ ಮಂದಿ ಹರಕಿ ಅಂತ ತಿಳಕೊಂಡು ಕುಂದರ್ತಾರ?’

ಗದಗು ದಾಟಿ ಕರಿಯ ಎರೆಹೊಲ ಶುರುವಾದಾಗ ನಾನು ಕೇಳಿಯೇಬಿಟ್ಟೆ.

‘ದೊಡ್ಡವ್ವ, ಹೋದ ವರ್ಷ ನಮ್ಮ ಹಿಂದಿನ ಓಣ್ಯಾಗ ಒಂದು ಹುಡುಗಿಗೆ ಮುತ್ತು ಕಟ್ಟಿ ದೇವಿಗೆ ಬಿಟ್ಟ ದಿನ ನೀ ಹೋಳಿಗಿ ಊಟಕ್ಕ ಹೋಗಿದ್ದಿ. ಆ ಹುಡುಗಿ ಅಳ್ತಿತ್ತೇನು?’