ನಮ್ಮನೆಯವರು ಎಷ್ಟು ಜನ

ಅಕ್ಕನಿಗೂ ಭಾವನಿಗೂ ಪರಿಚಯವಾದದ್ದು ಕೆಟ್ಟು ನಿಂತ ಲಿಫ್ಟಿನಲ್ಲಿ. ಅಕ್ಕ ನನಗೆ ಒಡಹುಟ್ಟಿದವರಲ್ಲ. ಪರದೇಶದ ಒಂದೇ ಕಟ್ಟಡದಲ್ಲಿ ನಮ್ಮ ಭಾಷೆಯವರು ನಾವಿಬ್ಬರೇ ಹೆಂಗಸರು ಇದ್ದದ್ದರಿಂದ ಅವರು ಅಕ್ಕನಾದರು. ನಾಲ್ಕನೇ ಮಹಡಿಯ ಒಬ್ಬ ಮುದುಕಿಯನ್ನು ನೋಡಿಕೊಳ್ಳುವುದು ಅವರ ಕೆಲಸ. ಒಂದು ದಿನ ಮುದುಕಿಯ ಔಷಧಿ ಹಿಡಿದು ಮೇಲೆ ಬರುವಾಗ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. "ಅಯ್ಯೋ ನನ್ನ ಗ್ರಹಚಾರವೇ" ಎಂದು ಅಕ್ಕ ಒಳಗೆ ಗೊಣಗಿದ್ದು ಮೇಲೆ ಬಂದು ನಿಂತಿದ್ದ ಮೆಕ್ಯಾನಿಕ್ಕಿಗೆ ಕೇಳಿಸಿತು.

"ಹೆದರಬೇಡ, ನಾನಿದೀನಿ," ಎಂದು ನಮ್ಮದೇ ಭಾಷೆಯಲ್ಲಿ ಉತ್ತರ ಬಂತು.

ಗುರುತು ಪರಿಚಯವಿಲ್ಲದ ಗಂಡಸು ಏಕವಚನದಲ್ಲಿ ಮಾತಾಡಿಸಿದ್ದು ಅಕ್ಕನಿಗೆ ಲಿಫ್ಟು ನಿಂತದ್ದಕ್ಕಿಂತ ಹೆಚ್ಚಾಗಿ ಚುಚ್ಚಿತು. "ಏನ್ರೀ ಇದು, ನೀನು ಗೀನು ಅಂತೀರಿ? ನೀವು ಅನ್ನೋಕೆ ಬರಲ್ವಾ?"

ಮೇಲಿನ ದನಿ ಕೇಳಿತು, "ನೀವು ಅಂದ್ರೆ, ಒಳಗೆ ಎಷ್ಟು ಜನ ಇದೀರಾ?"

ಭಾವ ತಮಾಷೆ ಮಾಡಿದ್ದಲ್ಲ. ಅವರು ಹುಟ್ಟಿದ್ದೂ ಬೆಳೆದದ್ದೂ ಅಲ್ಲೇ, ಆ ದೇಶದ ಪ್ರಜೆ. ನಮ್ಮ ಭಾಷೆಯನ್ನು ಅವರ ಹತ್ತಿರ ಆಡಿದವರು ತಾಯಿ ಒಬ್ಬರೇ. ತಾಯಿ ಮಗನನ್ನು ನೀನು ಎನ್ನುತ್ತಿದ್ದರು, ಮಗ ತಾಯಿಯನ್ನು ನೀನು ಎನ್ನುತ್ತಿದ್ದರು. ಭಾಷೆಯೇ ಅಷ್ಟು ಎಂದುಕೊಂಡಿದ್ದರು. ನಲವತ್ತು ದಾಟಿದ, ಕೈಗೆ ಗ್ರೀಸು ಮೆತ್ತಿಕೊಂಡ ಮನುಷ್ಯ ಬಾಯಿಬಿಟ್ಟರೆ ಮನೆಯ ಮಗುವಿನ ಮಾತು.

ಮದುವೆಯಾದ ಮೇಲೂ ಅಕ್ಕನಿಗೆ ಅವರನ್ನು ತಿದ್ದುವುದಕ್ಕೆ ಆಗಲಿಲ್ಲ, ತಾವೂ ಬದಲಾಗಲಿಲ್ಲ. ಭಾವನ ಮಾತು ಬಂದರೆ "ನಮ್ಮನೆಯವರು ಬಂದ್ರು", "ಅವರು ಮಲಗಿದಾರೆ" ಎಂದೇ ಹೇಳುವರು. ಭಾವ ಬಾಗಿಲ ಹಿಂದೆ ಇಣುಕಿ, "ನಾನೊಬ್ಬನೇ ಇದೀನಲ್ಲೇ, ಉಳಿದವರು ಎಲ್ಲಿ?" ಎಂದು ಛೇಡಿಸುವರು.

ಅವರ ಮನೆ ನಮ್ಮ ಮನೆಗೆ ಎದುರು. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಮಂಚದ ಕೆಳಗೆ ಭಾವನ ಸ್ಪ್ಯಾನರುಗಳ ಪೆಟ್ಟಿಗೆ. ಭಾನುವಾರ ಇಬ್ಬರೂ ಊರಾಚೆಯ ವೃದ್ಧಾಶ್ರಮಕ್ಕೆ ಹೋಗುವರು. ಭಾವನ ತಾಯಿಗೆ ಮರೆವು ಹೆಚ್ಚಾಗಿ, ಆ ದೇಶದ ಭಾಷೆ ಪೂರ್ತಿ ಅಳಿಸಿಹೋಗಿತ್ತು. ಮಗ ಮತ್ತು ಸೊಸೆಯ ಮಾತು ಬಿಟ್ಟರೆ ಇನ್ನಾರ ಮಾತೂ ಅವರಿಗೆ ತಿಳಿಯುತ್ತಿರಲಿಲ್ಲ. ಹೋದಾಗಲೆಲ್ಲ "ಇವಳು ಯಾರೋ?" ಎಂದು ಕೇಳುವರು. "ನನ್ನ ಹೆಂಡ್ತಿ ಅಮ್ಮಾ, ನಿನ್ನ ಸೊಸೆ," ಎಂದು ಭಾವ ಹೇಳುವರು. ಅಕ್ಕ ತುತ್ತು ಮಾಡಿ ಉಣಿಸಿದರೆ ಮಾತ್ರ ಆ ದಿನ ಮುದುಕಮ್ಮನ ಹೊಟ್ಟೆ ತುಂಬುತ್ತಿತ್ತು.

ಅಕ್ಕ ನೋಡಿಕೊಳ್ಳುತ್ತಿದ್ದ ಮುದುಕಿ ತೀರಿಕೊಂಡಾಗ ಆ ಕೆಲಸಕ್ಕೆ ಅಂಟಿಕೊಂಡಿದ್ದ ಪರವಾನಗಿಯೂ ಮುಗಿಯಿತು. ಅಷ್ಟರಲ್ಲಿ ಮದುವೆಯಾಗಿತ್ತು. ಪ್ರಜೆಯ ಹೆಂಡತಿ ಎಂಬ ಆಧಾರದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಿದರು. ಮದುವೆ ನಿಜವೋ, ಕಾಗದಕ್ಕಾಗಿ ಆದದ್ದೋ ಎಂದು ನೋಡಲು ಇಬ್ಬರನ್ನೂ ಕರೆಸಿ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಅವೇ ಪ್ರಶ್ನೆಗಳನ್ನು ಕೇಳಿದರು. ಭಾವನಿಗೆ ದುಭಾಷಿ ಬೇಕಾಗಲಿಲ್ಲ. ಅಕ್ಕನ ಮಾತನ್ನು ಎಲ್ಲಿಯೋ ಕುಳಿತ ಒಬ್ಬ ದುಭಾಷಿ ಫೋನಿನಲ್ಲೇ ಪದಕ್ಕೆ ಪದ ಇಟ್ಟು ಅಧಿಕಾರಿಗೆ ತಿಳಿಸುತ್ತಿದ್ದ.

ಬೆಳಗ್ಗೆ ಯಾರು ಮೊದಲು ಏಳುತ್ತಾರೆ ಎಂದು ಕೇಳಿದರಂತೆ. ಅಕ್ಕ ಇದ್ದದ್ದನ್ನೇ ಹೇಳಿದರು. "ನಮ್ಮನೆಯವರು ಏಳ್ತಾರೆ. ಅವರೇ ಟೀ ಮಾಡ್ಕೊಂಡು ಕುಡಿದು ಹೋಗ್ತಾರೆ. ಪಾಪ, ನನ್ನ ಎಬ್ಬಿಸಲ್ಲ." ಮನೆಯಲ್ಲಿ ಎಷ್ಟು ಜನ ಎಂದು ಅಧಿಕಾರಿ ತಟ್ಟನೆ ಕೇಳಿದ. "ನಾವಿಬ್ಬರೇ." ಹಾಗಾದರೆ ಅವರು ಯಾರು? "ಅವರು ಅಂದ್ರೆ ಅವರೇ," ಎಂದು ಅಕ್ಕ ನಾಚಿಕೊಂಡು ನಕ್ಕರು.

ಸ್ವಲ್ಪ ದಿನಕ್ಕೆ ಪತ್ರ ಬಂತು. ಭಾವ ಅಡುಗೆಮನೆಯಲ್ಲಿ ನಿಂತೇ ಅದನ್ನು ಓದಿ ನಮ್ಮ ಭಾಷೆಗೆ ತಿರುಗಿಸಿ ಹೇಳಿದರು. ಮನೆಯ ಜನ ಬೆಳಗ್ಗೆ ಎದ್ದು ತಾವೇ ಚಹಾ ಮಾಡಿಕೊಂಡು ಹೋಗುತ್ತಾರೆ ಎಂದು ಹೆಂಡತಿ ಹೇಳಿದ್ದಾಳೆ, ಇರುವುದು ತಾನೊಬ್ಬನೇ ಗಂಡಸು ಎಂದು ಗಂಡ ಹೇಳಿದ್ದಾನೆ, ಇದು ಹಲವರು ಬಾಡಿಗೆ ಹಂಚಿಕೊಂಡ ಮನೆಯಂತಿದೆ, ಮತ್ತೊಮ್ಮೆ ವಿಚಾರಣೆಗೆ ಬರಬೇಕು.

"ಯಾವ ಜನ?" ಎಂದು ಅಕ್ಕ ಕೇಳಿದರು.

ಭಾವನಿಗೆ ಮೊದಲು ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನೇ ಕಣೇ ಆ ಜನ! ಎಷ್ಟು ಸಲ ಹೇಳಿದೀನಿ, ನಾನೊಬ್ಬನೇ ಅಂತ!" ಆಮೇಲೆ ನಗು ನಿಲ್ಲಿಸಿ ಪತ್ರವನ್ನು ಇನ್ನೊಮ್ಮೆ ಓದಿದರು.

ಅಂದಿನಿಂದ ಅಕ್ಕನಿಗೆ ಪಾಠ ಶುರುವಾಯಿತು. ನಾನೂ ಕುಳಿತು ಹೇಳಿಕೊಟ್ಟೆ. ಅವರು ಅನ್ನಬಾರದು, ಅವನು ಅನ್ನಬೇಕು. ಹೋಗ್ತಾರೆ ಅಲ್ಲ, ಹೋಗ್ತಾನೆ. ಅಕ್ಕನಿಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು. "ನಾಲಿಗೆ ತಿರುಗಲ್ಲ ಕಣೇ. ನಮ್ಮವ್ವ ಕೇಳಿದ್ರೆ ಕೆನ್ನೆಗೆ ಬಾರಿಸ್ತಾಳೆ." ಪಾತ್ರೆ ತೊಳೆಯುತ್ತ ಒಬ್ಬರೇ ಹೇಳಿಕೊಳ್ಳುವರು, "ಅವನು ಎದ್ದ. ಅವನು ಟೀ ಕುಡಿದ." ಕೋಣೆಯಿಂದ ಭಾವ, "ಯಾರೇ ಅವನು? ನಾನಿಲ್ಲದಾಗ ಬಂದು ನನ್ನ ಟೀ ಕುಡಿಯೋನು?" ಎನ್ನುವರು. ವಿಚಾರಣೆ ಹತ್ತಿರ ಬಂದ ಹಾಗೆ ಅವರೂ ತಮಾಷೆ ಬಿಟ್ಟರು. ಅಕ್ಕನ ಬಾಯಲ್ಲಿ ಅವನು ಎಂಬುದು ಕೂತುಬಿಟ್ಟಿತ್ತು.

ಎರಡನೇ ವಿಚಾರಣೆಗೆ ದುಭಾಷಿ ಕೋಣೆಯಲ್ಲೇ ಇದ್ದರು. ನಮ್ಮ ಕಡೆಯ ಹಿರಿಯ ಹೆಂಗಸು. "ಬಾಮ್ಮಾ, ಕೂತ್ಕೋ," ಎಂದು ಕರೆದಾಗ ಅಕ್ಕನಿಗೆ ತಾಯಿಯನ್ನೇ ಕಂಡಷ್ಟು ಜೀವ ಬಂತಂತೆ. ಅಂಥವರ ಎದುರು ಗಂಡನನ್ನು ಅವನು ಎನ್ನಲು ನಾಚಿಕೆಯಾಯಿತಂತೆ. ಆದರೂ ಕಲಿತದ್ದನ್ನು ತಪ್ಪದೆ ಒಪ್ಪಿಸಿದರು. ಅವನು ಏಳ್ತಾನೆ. ಅವನೇ ಟೀ ಮಾಡ್ಕೋತಾನೆ. ಅವನು ಹೋಗ್ತಾನೆ. ಆ ಹೆಂಗಸು ತಲೆಯೆತ್ತಿ ಅಕ್ಕನನ್ನೇ ನೋಡಿದರಂತೆ.

ಕೊನೆಯ ಪತ್ರದಲ್ಲಿ ಎಲ್ಲವನ್ನೂ ಬಿಡಿಸಿ ಬರೆದಿತ್ತು. ಆ ದುಭಾಷಿಗೆ ಮೊದಲ ವಿಚಾರಣೆಯ ಧ್ವನಿಯನ್ನೂ ಕೇಳಿಸಿದ್ದರು. ಈ ಭಾಷೆಯಲ್ಲಿ ಹೆಂಡತಿ ಗಂಡನೊಬ್ಬನನ್ನೇ 'ನಮ್ಮನೆಯವರು' ಅನ್ನುತ್ತಾಳೆ, ಅದು ಬಹಳ ಜನ ಎಂದು ಅಲ್ಲ, ಗೌರವ ಎಂದು ಅವರು ಸರಿಯಾಗಿಯೇ ವಿವರಿಸಿದ್ದರು. ಅದಕ್ಕೆ ಅಧಿಕಾರಿಯ ಉತ್ತರ ಹೀಗಿತ್ತು: ಎರಡನೇ ವಿಚಾರಣೆಯಲ್ಲಿ ಅರ್ಜಿದಾರಳು ಗಂಡನ ಬಗ್ಗೆ ಮಾತಾಡುವಾಗ ಉದ್ದಕ್ಕೂ ಏಕವಚನವನ್ನೇ ಬಳಸಿದ್ದನ್ನು ದುಭಾಷಿಯನ್ನೇ ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಆದ್ದರಿಂದ ಮೊದಲು ಬಹುವಚನದಲ್ಲಿ ಹೇಳಿದ್ದು ಗಂಡನ ಬಗ್ಗೆ ಅಲ್ಲ, ಬೇರೆಯವರ ಬಗ್ಗೆ. ಅರ್ಜಿ ತಿರಸ್ಕರಿಸಲಾಗಿದೆ.

ಭಾವ ಇದನ್ನು ಹೇಳಿ ಮುಗಿಸಿದಾಗ ನಾನು ಅಕ್ಕನ ಮುಖ ನೋಡಲಾರದೆ ಒಲೆಯ ಕಡೆ ತಿರುಗಿದೆ.

"ಅಂದ್ರೆ, ನಾನು ಯಾವಾಗ್ಲೂ ಅನ್ನೋ ಹಾಗೇ ಅಂದಿದ್ರೆ..." ಎಂದು ಅಕ್ಕ ಮಾತು ಅರ್ಧಕ್ಕೆ ಬಿಟ್ಟರು.

ವಕೀಲರು ಮೇಲ್ಮನವಿ ಹಾಕಬಹುದು ಎಂದರು. ಆದರೆ ಅಕ್ಕ ದೇಶ ಬಿಟ್ಟು ಹೊರಗೆ ಇದ್ದು ಕಾಯಬೇಕು. ಎಷ್ಟು ದಿನ ಎಂದು ಕೇಳಿದ್ದಕ್ಕೆ, ಗೆದ್ದವರನ್ನೇ ತಾವು ಹೆಚ್ಚು ಕಂಡಿಲ್ಲ ಎಂದರು. ಭಾವ ಜೊತೆಗೆ ಹೊರಟುಬಿಡುವ ಮಾತಾಡಿದರು. "ನಿಮ್ಮೂರಲ್ಲಿ ಲಿಫ್ಟು ಇದೆಯೇನೇ?"

"ಏಣಿ ಇದೆ," ಎಂದರು ಅಕ್ಕ. ಆಮೇಲೆ, "ಅತ್ತೆ ಹತ್ರ ಮಾತಾಡೋಕೆ ಯಾರಿರ್ತಾರೆ?" ಎಂದು ಕೇಳಿದರು. ಭಾವ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅಕ್ಕ ಹೊರಡುವ ಹಿಂದಿನ ದಿನ ಭಾನುವಾರ. ನಾನೂ ಅವರ ಜೊತೆ ವೃದ್ಧಾಶ್ರಮಕ್ಕೆ ಹೋದೆ. ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ವಿಚಾರಣೆಯಿಂದ ಬಂದ ಮೇಲೆ ಅಕ್ಕ ಭಾವನ ಬಗ್ಗೆ ಅವರು ಎಂದೂ ಅನ್ನುತ್ತಿರಲಿಲ್ಲ, ಅವನು ಎಂದೂ ಅನ್ನುತ್ತಿರಲಿಲ್ಲ. ಹೇಳಲೇಬೇಕಾದಾಗ ಕೈಯಿಂದ ತೋರಿಸುತ್ತಿದ್ದರು.

ಮುದುಕಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಅಕ್ಕ ಅನ್ನ ಕಲಸಿ, ಆರಿಸಿ, ಒಂದೊಂದೇ ತುತ್ತು ಬಾಯಿಗಿಟ್ಟರು. ಸಾಕು ಎಂದರೂ ಇನ್ನೊಂದು ತುತ್ತು ಇಟ್ಟರು. ಅವರ ಬಾಯಿ ಒರೆಸುವಾಗ ಮುದುಕಮ್ಮ ಅಕ್ಕನ ಕೈ ಹಿಡಿದುಕೊಂಡು ಮಗನನ್ನು ಕೇಳಿದರು. "ಇವಳು ಯಾರೋ?"

ಭಾವ ಬಾಯಿ ತೆರೆದರು. ಹೆಂಡ್ತಿ ಎನ್ನಲಿಲ್ಲ. ಹೊಸದಾಗಿ ಓದು ಕಲಿತವರ ಹಾಗೆ ತಡೆತಡೆದು, "ಇವರು... ನಮ್ಮನೆಯವರು ಅಮ್ಮಾ," ಎಂದರು.

ಮುದುಕಮ್ಮ ಅಕ್ಕನ ಭುಜದಾಚೆ ಬಾಗಿಲ ಕಡೆ ನೋಡಿದರು.

"ಒಳಗೆ ಕರಿಯೋ ಎಲ್ಲರನ್ನೂ. ಮನೆಯವರನ್ನ ಯಾಕೆ ಹೊರಗೆ ನಿಲ್ಲಿಸಿದೀಯ?"

ಭಾವ ಗೋಡೆಯ ಕಡೆ ಮುಖ ತಿರುಗಿಸಿದರು. ಅಕ್ಕ ತಟ್ಟೆ ಕೆಳಗಿಟ್ಟು, ಎದ್ದು ಹೋಗಿ ಬಾಗಿಲು ತೆರೆದು, ಖಾಲಿ ಕಾರಿಡಾರಿನ ಆ ತುದಿ ಈ ತುದಿ ನೋಡಿದರು. ಮೆಲ್ಲಗೆ ಬಾಗಿಲು ಹಾಕಿಕೊಂಡು ಬಂದು ಕುಳಿತರು.

"ಎಲ್ಲರೂ ಒಳಗೇ ಇದಾರೆ ಅತ್ತೆ," ಎಂದರು. "ಹೊರಗೆ ಯಾರೂ ಇಲ್ಲ."