ಕಾರಿನಿಂದ ಇಳಿಯದ ಕರಿಯ

"ಎಂತ ಅಕ್ಕ, ನಾಯಿ ಬಿಡ್ಲಿಕ್ಕೆ ಬಂದದ್ದಾ?"

ಕುಂಬ್ರದ ರಸ್ತೆ ಬದಿಯಲ್ಲಿ ಎಳನೀರಿನ ಬೊಂಡ ಕೆತ್ತಿ ಮಾರುತ್ತಿದ್ದವರು ಕತ್ತಿ ಹಿಡಿದುಕೊಂಡೇ ನನ್ನ ಕಾರಿನ ಹತ್ತಿರ ಬಂದಿದ್ದರು. ಬೊಂಡ ಕುಡಿಯೋಣವೆಂದು ನಿಲ್ಲಿಸಿದ ನಾನು, ಹಿಂದಿನ ಬಾಗಿಲು ತೆರೆದು ಕರಿಯನನ್ನು ಇಳಿಸಲು ಹೆಣಗುತ್ತಿದ್ದೆ. ಅವನು ಸೀಟಿಗೆ ಉಗುರು ಊರಿ ಕುಳಿತಿದ್ದ.

ಇದು ನನ್ನ ನಾಯಿಯಲ್ಲ, ಸುಳ್ಯದ ಕಡೆ ಅನಾಥ ನಾಯಿಗಳನ್ನು ಸಾಕುವ ಕೇಂದ್ರದ್ದು, ವಯಸ್ಸಾಗಿದೆಯೆಂದು ಯಾರೂ ಒಯ್ಯುವುದಿಲ್ಲ, ಒಂದು ದಿನ ತಿರುಗಾಡಿಸಲು ತಂದಿದ್ದೇನೆ ಎಂದೆ. ಅವರು ನಂಬಲಿಲ್ಲ.

"ಎಲ್ಲರೂ ಹೀಗೇ ಎಂತಾದ್ರೂ ಹೇಳುದು ಮಾರಾಯ್ರೆ. ಬಿಸ್ಕೆಟ್ ಹಾಕುದು, ಅದು ತಿನ್ನುವಾಗ ಕಾರು ತಕ್ಕೊಂಡು ಹೋಗುದು," ಎಂದು ನನ್ನ ಕೈ ನೋಡಿದರು. ಕೈಯಲ್ಲಿ ಬಿಸ್ಕೆಟ್ ಪೊಟ್ಟಣವಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಕಾರಿನ ಕೀಯನ್ನು ಅವರ ಕೈಗೇ ಕೊಟ್ಟು, "ಹಿಡ್ಕೊಳ್ಳಿ, ಈಗ ಹೇಗೆ ಹೋಗುದು ನಾನು?" ಎಂದೆ. ಅವರ ಅನುಮಾನ ಹೋಯಿತು. ಕರಿಯನದು ಹೋಗಲಿಲ್ಲ. ಅವನು ಬಿಸ್ಕೆಟ್ ಮೂಸಲೂ ಇಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಇವನನ್ನೂ ಯಾರೋ ಹೀಗೆಯೇ ಇಳಿಸಿ ಹೋಗಿರಬೇಕೆಂದು ನನಗೆ ಆಗ ಹೊಳೆಯಿತು.

ಉಪ್ಪಿನಂಗಡಿಯವರೆಗೆ ಹೋಗಿ ಹೊಳೆ ತೋರಿಸುವ ಆಸೆ ಬಿಟ್ಟು, ಕೀ ವಾಪಸು ತೆಗೆದುಕೊಂಡು ಹಿಂದೆ ತಿರುಗಿದೆ. ಕೇಂದ್ರದ ಗೇಟಿನ ಒಳಗೆ ಕಾರಿನ ಬಾಗಿಲು ತೆರೆದದ್ದೇ ತಡ, ಕರಿಯ ಹಾರಿ ಇಳಿದು ತನ್ನ ಗೂಡಿಗೆ ಓಡಿದ.

ಅಂದಿನಿಂದ ನಾಯಿಗಳನ್ನು ಕರೆದೊಯ್ಯುವಾಗ ನಾನು ಬಿಸ್ಕೆಟ್ ಒಯ್ಯುವುದಿಲ್ಲ. ರಸ್ತೆ ಬದಿ ಯಾರಾದರೂ ಕಾರು ನಿಲ್ಲಿಸಿ ಹಿಂದಿನ ಬಾಗಿಲು ತೆರೆದರೆ, ನಾನೂ ನಿಂತು ಅವರ ಕೈ ನೋಡುತ್ತೇನೆ.