ಕೈ ಹಾಕದೆ ಸೇತುವೆ ಕಟ್ಟಿಸಿದ ಓಬಳೇಶಣ್ಣ

ಓಬಳೇಶಣ್ಣ ಬಂದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು. ಇಂಟರ್‌ನೆಟ್ ರಿಪೇರಿಗೆಂದು ಪಾವಗಡದಿಂದ ಬಸ್ಸು ಹತ್ತಿ ಬಂದ ಮನುಷ್ಯ, ಮದುವೆಮನೆಯಲ್ಲಿ ಅಡುಗೆ ನೋಡಿಕೊಳ್ಳಲು ನಿಂತ ಹಿರೀಕನ ಹಾಗೆ ನಿಂತು, ಕೆಲಸವನ್ನೆಲ್ಲ ನಮ್ಮ ಕೈಯಲ್ಲೇ ಮಾಡಿಸುತ್ತಿದ್ದ. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಆರೋಗ್ಯ ಕೇಂದ್ರದ ನರ್ಸು. ಸೂಜಿ ಚುಚ್ಚುವುದು ನನ್ನ ಕೆಲಸ, ವೈರು ಚುಚ್ಚುವುದು ಇವನ ಕೆಲಸ ತಾನೆ?

"ನಾನ್ ಮಾಡಿದ್ರೆ ನನ್ ಕೈಗ್ ಗೊತ್ತಾಯ್ತದೆ ಸಿಸ್ಟ್ರಮ್ಮ. ದಿನಾ ಇಲ್ಲಿರೋದು ನಿನ್ ಕೈಯಿ," ಅನ್ನುತ್ತಿದ್ದ. ಮೊದಲು ಕೇಬಲ್ ಟಿವಿ ನಡೆಸಿದವನು. ಕ್ರಿಕೆಟ್ ನಡುವೆ ಟಿವಿ ನಿಂತರೆ ಜನ ಅವನನ್ನು ಊಟದ ತಟ್ಟೆ ಮುಂದಿನಿಂದ ಎಬ್ಬಿಸಿ ಕರೆದೊಯ್ಯುತ್ತಿದ್ದರಂತೆ. ಅದಕ್ಕೇ ಈ ಬುದ್ಧಿ ಕಲಿತಿದ್ದೀಯ ಎಂದು ನಾನು ಛೇಡಿಸಿದರೆ ಒಪ್ಪಿಕೊಂಡು ನಗುತ್ತಿದ್ದ.

ನಮ್ಮ ಕೇಂದ್ರ ಮಧುಗಿರಿ-ಪಾವಗಡ ರಸ್ತೆಯ ಒಂದು ಪಕ್ಕ. ಇಂಟರ್‌ನೆಟ್ ಇದ್ದದ್ದು ಎದುರು ಪಕ್ಕದ ಪಂಚಾಯ್ತಿ ಕಟ್ಟಡದಲ್ಲಿ. ಹೊಸದಾಗಿ ಬಂದ ಇಸಿಜಿ ಯಂತ್ರ ಎದೆಬಡಿತದ ಗೆರೆಗಳನ್ನು ತುಮಕೂರಿನ ಹೃದಯ ವೈದ್ಯರಿಗೆ ಕಳಿಸಬೇಕು, ಹೃದಯಾಘಾತ ಹೌದೋ ಅಲ್ಲವೋ ಅವರು ಹೇಳಬೇಕು. ಯಂತ್ರಕ್ಕೋ ವೈರು ಮಾತ್ರ ಗೊತ್ತು, ವೈಫೈ ಗೊತ್ತಿಲ್ಲ. ರಸ್ತೆಯ ಮೇಲೆ ವೈರು ಎಳೆಸಿದೆವು. ಕಡಲೆಕಾಯಿ ಬಳ್ಳಿ ಹೇರಿಕೊಂಡು ಬಂದ ಟ್ರ್ಯಾಕ್ಟರು ಕಿತ್ತುಕೊಂಡು ಹೋಯಿತು. ಮತ್ತೆ ಎಳೆಸಿದೆವು; ರಾಗಿಹುಲ್ಲಿನ ಟ್ರ್ಯಾಕ್ಟರು ಒಯ್ದಿತು.

ಆಗ ಓಬಳೇಶಣ್ಣ ಚೀಲದಿಂದ ಒಂದು ವೈಫೈ ಡಬ್ಬಿ ತೆಗೆದ. ಇಂಥ ಡಬ್ಬಿ ಸಾಮಾನ್ಯವಾಗಿ ವೈರಿನಲ್ಲಿ ಬಂದದ್ದನ್ನು ಗಾಳಿಗೆ ಹಂಚುತ್ತದೆ. ನಮ್ಮದು ತಿರುಗಾಮುರುಗಾ: ಪಂಚಾಯ್ತಿಯ ವೈಫೈಯನ್ನು ಗಾಳಿಯಲ್ಲಿ ಹಿಡಿದು ಯಂತ್ರದ ವೈರಿಗೆ ಇಳಿಸಬೇಕು. ಡಬ್ಬಿಯನ್ನು ಕಿಟಕಿಯಲ್ಲಿಟ್ಟು, ಲ್ಯಾಪ್‌ಟಾಪ್ ಸಿಕ್ಕಿಸಿ, ನಾನೇ ಅದನ್ನು ಬ್ರಿಡ್ಜ್, ಅಂದರೆ ಸೇತುವೆ, ಮಾಡಿದೆ. ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಅಡ್ರೆಸ್ ಬೇಕು. ಅದನ್ನು ಹಂಚುವ ಕೆಲಸದಿಂದ ಈ ಡಬ್ಬಿಯನ್ನು ಬಿಡಿಸುವುದು ಮರೆತುಹೋಯಿತು. ಎದುರು ಪಂಚಾಯ್ತಿಯ ಕಂಪ್ಯೂಟರುಗಳೆಲ್ಲ ದಾರಿ ತಪ್ಪಿ ನಿಂತವು.

"ಒಂದ್ ಮನೇಗೆ ಇಬ್ರು ಯಜಮಾನ್ರಾದ್ರೆ ಉಂಬಕ್ಕೆ ಇಕ್ಕೋರ್ ಯಾರು? ಅಡ್ರೆಸ್ ಕೊಡಾದು ಪಂಚಾಯ್ತಿ ಡಬ್ಬಿ. ನಮ್ದು ಬರೀ ಸೇತುವೆ ಕಣಮ್ಮ. ದಾಟುಸ್ಬೇಕು, ದೊಡ್ಡಸ್ತಿಕೆ ಮಾಡ್ಬಾರ್ದು," ಅಂದ. ಸರಿಮಾಡಿದ್ದೂ ನಾನೇ.

ಆ ವರ್ಷದ ಆಯುಧಪೂಜೆಗೆ ನಮ್ಮ ಆಯಾ ಹನುಮಕ್ಕ ಬಿಪಿ ಯಂತ್ರದಿಂದ ಹಿಡಿದು ಈ ಡಬ್ಬಿಯವರೆಗೆ ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟಳು. ಮಾರನೇ ಬೆಳಿಗ್ಗೆ, ಡಬ್ಬಿಯ ಬೆನ್ನಿನ ಸಣ್ಣ ತೂತಿನೊಳಗೆ ಕುಂಕುಮ ಹೋಗಿದೆಯೆಂದು, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಶ್ರದ್ಧೆಯಿಂದ ಕೆದಕಿದಳು. ಆ ತೂತಿನೊಳಗಿನ ಗುಂಡಿ ಅದುಮಿದರೆ ಡಬ್ಬಿ ಕಲಿತದ್ದನ್ನೆಲ್ಲ ಮರೆತು, ಅಂಗಡಿಯಿಂದ ಬಂದ ದಿನದಂತಾಗುತ್ತದೆ.

ಅದೇ ಹೊತ್ತಿಗೆ ಪಕ್ಕದೂರಿನ ರೈತ ಈರಣ್ಣನನ್ನು ಆಟೋದಲ್ಲಿ ಕರೆತಂದರು. ಎದೆ ಹಿಡಿದುಕೊಂಡಿದ್ದ, ಮೈಯೆಲ್ಲ ತಣ್ಣನೆಯ ಬೆವರು. ಇಸಿಜಿ ತೆಗೆದೆ, ಗೆರೆ ಆಚೆಗೆ ಹೋಗಲಿಲ್ಲ. ಫೋನಿನಲ್ಲಿ ಫೋಟೋ ಕಳಿಸಿದರೆ ಸ್ಪಷ್ಟವಿಲ್ಲ, ಯಂತ್ರದಿಂದಲೇ ಕಳಿಸಿ ಎಂದರು ತುಮಕೂರಿನವರು. ಯಂತ್ರವನ್ನೇ ಎದುರಿಗೆ ಒಯ್ಯೋಣವೆಂದರೆ ವಿಜಯದಶಮಿ ರಜೆ, ಪಂಚಾಯ್ತಿಗೆ ಬೀಗ; ಒಳಗೆ ವೈಫೈ ಮಾತ್ರ ನಡೆಯುತ್ತಿತ್ತು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ನಮ್ಮ ಡಾಕ್ಟರ ಕೈಯಲ್ಲೇ ಇತ್ತು. ಆದರೆ ತುಮಕೂರಿನವರು ಹೌದೆನ್ನದೆ ಕೊಟ್ಟು, ಅದು ಬೇರೆ ಕಾಯಿಲೆಯಾಗಿದ್ದರೆ ಆ ಇಂಜೆಕ್ಷನ್ನೇ ಪ್ರಾಣ ತೆಗೆಯಬಹುದು.

ಓಬಳೇಶಣ್ಣನಿಗೆ ಫೋನು ಮಾಡಿ ಪಿನ್ನಿನ ಕಥೆ ಹೇಳಿದೆ. ವಳ್ಳೂರಿನ ಸೋಲಾರ್ ಪಾರ್ಕಿನ ಹತ್ತಿರ ಇದ್ದ. "ನೀನೇ ಬಂದ್ಬುಡಣ್ಣ," ಎಂದು ಅತ್ತೇಬಿಟ್ಟೆ.

"ನಾನ್ ಬರಾಗಂಟ ಆ ಮನ್ಸ ಇರ್ತಾನಾ? ಕಂಗಾರು ಪಡಬ್ಯಾಡ ತಲ್ಲಿ." ಗಾಬರಿಯಾದಾಗ ಅವನ ಕನ್ನಡದೊಳಕ್ಕೆ ತೆಲುಗು ನುಗ್ಗುತ್ತಿತ್ತು; ಗಾಬರಿ ಕಂಗಾರಾಗುತ್ತಿತ್ತು, ತಾಯಿ ತಲ್ಲಿಯಾಗುತ್ತಿದ್ದಳು. "ಲ್ಯಾಪ್‌ಟಾಪ್ ಸಿಕ್ಸು. ಏನ್ ಕಾಣ್ತದೆ? ಮುಂದೇನು? ನಾನ್ ಯೋಳಲ್ಲ, ನೀನೇ ಯೋಳು."

ಇಂಥ ಹೊತ್ತಿನಲ್ಲೂ ಮಗ್ಗಿ ಒಪ್ಪಿಸಿಕೊಳ್ಳುವ ಮೇಷ್ಟ್ರ ಹಾಗೆ ಕೇಳುತ್ತಾನಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಅಳು ನಿಂತಿತು, ಎಲ್ಲ ನೆನಪಾಯಿತು. ಬ್ರಿಡ್ಜ್ ಎಂದು ಆರಿಸಿದೆ, ಪಂಚಾಯ್ತಿಯ ವೈಫೈ ಹುಡುಕಿ ಪಾಸ್‌ವರ್ಡ್ ಕೊಟ್ಟೆ, ಅಡ್ರೆಸ್ ಹಂಚುವುದನ್ನು ನಿಲ್ಲಿಸಿದೆ. ಗೆರೆ ಹೋಯಿತು. ಹೃದಯಾಘಾತವೇ, ಕೊಡಿ ಎಂದು ಉತ್ತರ ಬಂತು. ಈರಣ್ಣನ ಮುಖಕ್ಕೆ ಬಣ್ಣ ಬರುವವರೆಗೂ ಓಬಳೇಶಣ್ಣ ಫೋನು ಇಡಲಿಲ್ಲ.

ಮುಂದಿನ ಸಲ ಅವನು ಬಂದಾಗ ಹನುಮಕ್ಕ ಔಷಧಿ ಕೋಣೆಯಲ್ಲಿ ಬಚ್ಚಿಟ್ಟುಕೊಂಡಳು. ಹೊರಗೆ ಕರೆಸಿ, "ನಾನ್ ಇಡ್ಸಿರೋ ಡಬ್ಬಿಗಳಾಗೆಲ್ಲ ಪೂಜೆ ಕಂಡಿದ್ದು ಇದೊಂದೇ ಕಣಕ್ಕ. ಮುಂದ್ಲೊರ್ಸಾನೂ ಮಾಡು. ತೂತು ಮಾತ್ರ ಬುಡು," ಎಂದ. ಅವಳ ಕೈಯಲ್ಲೇ ತೂತಿಗೆ ಬ್ಯಾಂಡೇಜು ಹಾಕಿಸಿದ. ಎಂಥ ಮನುಷ್ಯನಪ್ಪ ಇವನು ಎಂದು ಅವತ್ತು ನನಗೆ ನಿಜವಾಗಿ ಅನ್ನಿಸಿತು.

ಹೋದ ಕಾರ್ತೀಕದಲ್ಲಿ ಓಬಳೇಶಣ್ಣ ಕಾಮಾಲೆಯಿಂದ ತೀರಿಕೊಂಡ. ತಿಥಿಗೆ ನಾನೂ ಈರಣ್ಣನೂ ಒಂದೇ ಬಸ್ಸಿನಲ್ಲಿ ಪಾವಗಡಕ್ಕೆ ಹೋದೆವು. ಸುತ್ತಲಿನ ಆರೋಗ್ಯ ಕೇಂದ್ರಗಳ ನರ್ಸುಗಳೂ ಬಂದಿದ್ದರು. ಊಟದ ಸಾಲಿನಲ್ಲಿ ಎಲ್ಲರದೂ ಒಂದೇ ಮಾತು: ನಮ್ಮಲ್ಲಿ ಡಬ್ಬಿ ಕೂರಿಸಿದ್ದು ನಾನೇ, ಅಣ್ಣ ಮುಟ್ಟಲೂ ಇಲ್ಲ. ಬಡಿಸುತ್ತಿದ್ದ ಅವನ ಹೆಂಡತಿ ರತ್ನಕ್ಕ ಕೇಳಿ ಕೇಳಿ ಕೊನೆಗೆ ನನ್ನ ಮುಂದೆ ನಿಂತಳು.

"ಎಲ್ಲಾನೂ ನೀವ್ಗಳೇ ಮಾಡ್ಕಂಡ್ರೆ, ನಮ್ಮನೆಯಾತ ದಿನಾ ಬಸ್ ಹತ್ತಿ ಹೋಗಿ ಮಾಡಿದ್ದಾದ್ರೂ ಏನಮ್ಮ?"

ಪಕ್ಕದ ಎಲೆಯಲ್ಲಿದ್ದ ಈರಣ್ಣ ತುತ್ತು ಕೆಳಗಿಟ್ಟು ಹೇಳಿದ:

"ನಾನ್ ಕುಂತಿಲ್ವೇನವ್ವ, ಉಣ್ತಾ?"